ಸೀನನಿಗೊಂದು ಪತ್ರ: ಮುಷ್ಟಿಯೊಳಗಿನ ನಕ್ಷತ್ರ

ಸೀನ,

ಹೋದ ತಿಂಗಳು ಫೋನಿನಲ್ಲಿ ಕೇಳಿದ್ದೆಯಲ್ಲ, ಹಿಟ್ಲರ್ ಕಾಲದ ಯಹೂದಿಗಳ ಕತೆಯನ್ನು ಹತ್ತು ವರ್ಷದ ಮಗುವಿಗೆ ಹೇಗೆ ಹೇಳುವುದು ಅಂತ. ಒಂದು ಪುಸ್ತಕ ಸಿಕ್ಕಿದೆ ಕಣೋ. ಲೋಯಿಸ್ ಲೌರಿ 1989ರಲ್ಲಿ ಬರೆದ ಮಕ್ಕಳ ಕಾದಂಬರಿ ‘ನಂಬರ್ ದ ಸ್ಟಾರ್ಸ್’. ಮಗಳಿಗೆಂದು ತಂದಿದ್ದೆ. ಅವಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ.

1943ರ ಕೋಪನ್‌ಹೇಗನ್, ಜರ್ಮನರ ಹಿಡಿತದಲ್ಲಿದ್ದ ಡೆನ್ಮಾರ್ಕಿನ ರಾಜಧಾನಿ. ಅನ್ನೆಮರಿ ಮತ್ತು ಎಲೆನ್ ಒಂದೇ ಕಟ್ಟಡದ ಗೆಳತಿಯರು. ಎಲೆನ್ ಯಹೂದಿ. ನಾಜಿಗಳು ಯಹೂದಿಗಳನ್ನು ಹಿಡಿದೊಯ್ಯುತ್ತಾರೆ ಅಂತ ಸುದ್ದಿ ಬಂದ ರಾತ್ರಿ ಅವಳು ಅನ್ನೆಮರಿ ಮನೆಯಲ್ಲಿ, ಆ ಮನೆಯ ಮಗಳ ಹಾಗೆ ಮಲಗುತ್ತಾಳೆ. ನಸುಕಿನಲ್ಲಿ ಸೈನಿಕರು ನುಗ್ಗುತ್ತಾರೆ. ಎಲೆನ್ ಕೊರಳಲ್ಲಿ ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರದ ಸರ! ಬಿಚ್ಚೋಕೆ ಬರುತ್ತಿಲ್ಲ. ಅನ್ನೆಮರಿ ಅದನ್ನು ಕಿತ್ತು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾಳೆ. ಅವರು ಹೋದ ಮೇಲೆ ನೋಡಿದರೆ ಅಂಗೈ ಮೇಲೆ ನಕ್ಷತ್ರದ ಅಚ್ಚು. ಗೆಳೆತನದ ಬಗ್ಗೆ ಭಾಷಣ ಬೇರೆ ಯಾಕೆ ಬೇಕು ಹೇಳು?

ಆಮೇಲೆ ಒಂದು ಬುಟ್ಟಿ ಬರುತ್ತದೆ. ಮೇಲೆ ಬ್ರೆಡ್ಡು, ಚೀಸು. ಅಡಿಯಲ್ಲಿ ಒಂದು ಪೊಟ್ಟಣ. ಅದನ್ನು ಸೋದರಮಾವನ ಮೀನುದೋಣಿಗೆ ಮುಟ್ಟಿಸಲು ಈ ಹುಡುಗಿ ಕಾಡುದಾರಿಯಲ್ಲಿ ಓಡುತ್ತಾಳೆ. ಒಳಗೇನಿದೆ ಅಂತ ಅವಳಿಗೇ ಗೊತ್ತಿಲ್ಲ. ಇದ್ದದ್ದು ಕರವಸ್ತ್ರ. ದೋಣಿಯಲ್ಲಿ ಬಚ್ಚಿಟ್ಟ ಯಹೂದಿಗಳನ್ನು ಸೈನಿಕರ ನಾಯಿಗಳು ಮೂಸಿ ಹಿಡಿಯಬಾರದು ಅಂತ ಅದಕ್ಕೆ ನಾಯಿಯನ್ನು ಸೆಳೆಯುವ ಒಣರಕ್ತ, ಅದರ ಮೂಗು ಮರಗಟ್ಟಿಸುವ ಕೊಕೇನ್ ಹಚ್ಚಿರುತ್ತಾರೆ. ಲೇಖಕಿ ಕಟ್ಟಿದ್ದು ಅಂದುಕೊಂಡೆ. ಅಲ್ಲ, ಅಂಥ ಕರವಸ್ತ್ರ ನಿಜಕ್ಕೂ ಇತ್ತು. ಆ ಶರತ್ಕಾಲದಲ್ಲಿ 7,000ಕ್ಕೂ ಹೆಚ್ಚು ಯಹೂದಿಗಳು ಹೀಗೆ ದೋಣಿಗಳಲ್ಲಿ, ಜರ್ಮನರ ಹಿಡಿತವಿಲ್ಲದ ಪಕ್ಕದ ಸ್ವೀಡನ್ ಸೇರಿ ಉಳಿದುಕೊಂಡರು. ದಾಳಿಯ ಸುಳಿವು ಮುಂಚೆಯೇ ಕೊಟ್ಟವನು ಡಕ್‌ವಿಟ್ಸ್ ಅನ್ನುವ ಒಬ್ಬ ಜರ್ಮನ್ ಅಧಿಕಾರಿ!

ನನಗೆ ಒಂದೇ ಅಳುಕು. ಡೆನ್ಮಾರ್ಕಿನಲ್ಲಿ ಆದದ್ದು ಬೇರೆ ಹೆಚ್ಚಿನ ಕಡೆ ಆಗಲಿಲ್ಲ. ಯುರೋಪಿನಲ್ಲಿ ನಾಜಿಗಳ ಕೈಯಲ್ಲಿ ಸತ್ತ ಯಹೂದಿಗಳು ಸುಮಾರು 60 ಲಕ್ಷ. ಇದೊಂದನ್ನೇ ಓದಿದ ಮಗು ಎಲ್ಲರೂ ಬದುಕಿಕೊಂಡರು ಅಂದುಕೊಂಡರೆ? ಅದಕ್ಕೇ ಮಗಳು ಮುಗಿಸಿದ ದಿನ ಆ ಲೆಕ್ಕವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. “ಬೇರೆ ಊರುಗಳಲ್ಲಿ ಅನ್ನೆಮರಿ ಥರದವರು ಇರಲಿಲ್ವಾ ಅಪ್ಪಾ?” ಅಂದಳು. ಇದ್ದರು, ಸಾಲಲಿಲ್ಲ ಅಂದೆ.

ದಸರೆಗೆ ಬಂದಾಗ ಪುಸ್ತಕ ತಗೊಂಡು ಹೋಗು. ಅನ್ನೆಮರಿಯ ಪುಟ್ಟ ತಂಗಿ ಮೀನಿನ ಚರ್ಮದ ಬೂಟು ನೋಡಿ ರಂಪ ಮಾಡುವ ಪುಟದ ಮೇಲೆ ನಮ್ಮನೆ ಸಾರು ಚೆಲ್ಲಿದೆ. ಬೈಬೇಡ.

ನಿನ್ನ,
ರಘು