ಮಗಳಿಗೊಂದು ಪತ್ರ: ಆ ಸದ್ದು ಏನೆಂದು ಈಗ ಗೊತ್ತಾಯಿತು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ "ಅವ್ವಾ, ದನಿ ಯಾಕ ಹಿಂಗ ಐತಿ?" ಎಂದು ಕೇಳಿದೆ. ದಣಿವಾಗಿದೆ ಎಂದಷ್ಟೇ ಹೇಳಿ ಇಟ್ಟೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಾನು ಜೂಡೋ ಕ್ಲಾಸಿಗೆ ಹೋಗಿದ್ದೆ.

ಯುಗಾದಿಗೆ ಮುಂಚೆ ಅಜ್ಜಿ ಬಚ್ಚಲಲ್ಲಿ ಜಾರಿದ್ದು ನಿನಗೆ ಗೊತ್ತು. ಬೀಳುವಾಗ ನೆಲಕ್ಕೆ ಕೈ ಊರಿದರು, ಮಣಿಕಟ್ಟು ಮುರಿಯಿತು. "ಬೀಳೂ ಮುಂದ ಎಲ್ಲಾರೂ ಹಿಂಗ ಕೈ ಊರತಾರ, ಮೈಭಾರ ಎಲ್ಲಾ ಅದರ ಮ್ಯಾಲ ಬರತದ" ಎಂದರು ಡಾಕ್ಟರು. ಪ್ಲಾಸ್ಟರ್ ಇದ್ದಷ್ಟು ದಿನ ಅಜ್ಜಿಗೆ ತಲೆ ಬಾಚುತ್ತ, ರೊಟ್ಟಿ ಮುರಿದು ಕೊಡುತ್ತ ಕೂತಾಗಲೆಲ್ಲ ನನಗೆ ನೀನೇ ನೆನಪಾಗುತ್ತಿದ್ದೆ. ಹತ್ತು ವರ್ಷದವಳಿದ್ದಾಗ ಜೂಡೋ ಕ್ಲಾಸಿನಿಂದ ಓಡಿ ಬಂದು, "ಅವ್ವಾ, ಬಿದ್ರ ಕೈ ಊರಬಾರ್ದು, ಇಲ್ಲಿ ನೋಡು" ಎಂದು ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದು ತೋರಿಸಿದ್ದೆಯಲ್ಲ!

ಮರುವಾರ ನಾನು ನೋಡಲು ಬಂದೆ. ಒಬ್ಬ ಹುಡುಗ ನಿನ್ನನ್ನು ಸೊಂಟದ ಮೇಲಿಂದ ಎತ್ತಿ ಹಾಕಿದ. ಪಟಾರ್ ಎಂದು ಸದ್ದಾಯಿತು. ನನ್ನ ಎದೆ ಝಲ್ಲೆಂದಿತು. ನೀನು ನಗುತ್ತ ಎದ್ದದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಅವತ್ತೇ ಕ್ಲಾಸು ಬಿಡಿಸಿದೆ. ನೀನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ.

ಈಗ ನನ್ನ ಕ್ಲಾಸಿನ ಕತೆ ಕೇಳು. ಬಳೆ, ಸರ, ಓಲೆ ಎಲ್ಲ ತೆಗೆದಿಟ್ಟು ಬರಬೇಕು, ಉಗುರು ಕತ್ತರಿಸಿರಬೇಕು. ಕಾಲುಂಗುರ ಬರಲೊಲ್ಲದು, ಸಾಬೂನು ಹಚ್ಚಿ ತೆಗೆದೆ. ಇಪ್ಪತ್ತೈದು ವರ್ಷದಲ್ಲಿ ಆ ಬೆರಳು ಬರಿದಾಗಿ ನೋಡಿದ್ದು ಇದೇ ಮೊದಲು. ಚರ್ಮ ಅಲ್ಲಿ ಬೆಳ್ಳಗೆ, ಮಗುವಿನ ಬೆರಳಿನ ಹಾಗಿತ್ತು.

ಮೊದಲ ದಿನ ಯಾರನ್ನೂ ಎತ್ತಿ ಹಾಕುವುದು ಕಲಿಸುವುದಿಲ್ಲ. ಬರೀ ಬೀಳುವುದು. ಅಂಗಾತ ಮಲಗಿಸಿ, ಎರಡೂ ಕೈ ಎದೆಯ ಮೇಲೆ ಇಡಿಸಿ, "ಅಕ್ಕಾರ, ಗದ್ದಾ ಎದಿಗೆ ಹಚ್ರಿ, ಬೆಲ್ಟಿನ ಗಂಟ ನೋಡ್ರಿ" ಎಂದರು ಸರ್. ಗಂಟು ನೋಡುತ್ತಿದ್ದರೆ ತಲೆ ಹಿಂದಕ್ಕೆ ಬಡಿಯುವುದಿಲ್ಲ. ಆಮೇಲೆ ಎರಡೂ ತೋಳುಗಳನ್ನು ಮೈಯಿಂದ ತುಸು ದೂರಕ್ಕೆ ಚಾಚಿ, ಅಂಗೈಯಿಂದ ಮೊಣಕೈವರೆಗೂ ಒಟ್ಟಿಗೇ ತಾಗುವ ಹಾಗೆ ಮ್ಯಾಟಿಗೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಮಲಗಿ ಇಪ್ಪತ್ತು ಸಲ, ಕುಕ್ಕರುಗಾಲಲ್ಲಿ ಕೂತು ಇಪ್ಪತ್ತು ಸಲ. ಜಪಾನಿಯರು ಇದಕ್ಕೆ ಉಕೆಮಿ ಅನ್ನುತ್ತಾರೆ. ನಿಂತು ಬೀಳುವ ಸರದಿ ಬಂದಾಗ ನನ್ನ ಕೈ ತಾನಾಗಿಯೇ ಹಿಂದೆ ಹೋಗಿ ನೆಲ ಹುಡುಕಿತು, ಥೇಟ್ ಅಜ್ಜಿಯ ಹಾಗೆ. ಸರ್ ತಕ್ಷಣ ನಿಲ್ಲಿಸಿದರು. ಮತ್ತೆ ಕೂತಲ್ಲಿಂದ ಶುರು.

ಹತ್ತನೆಯದೋ ಹನ್ನೆರಡನೆಯದೋ ಸಲ ಸರಿಯಾಗಿ ಬಿದ್ದೆ. ಪಟಾರ್!

ಅದೇ ಸದ್ದು, ಮಗಳೇ. ಅದು ನಿನ್ನ ಬೆನ್ನಿನದಾಗಿರಲಿಲ್ಲ. ಪೆಟ್ಟು ತಗುಲದಿರಲೆಂದು ನೀನೇ ಮ್ಯಾಟಿಗೆ ಬಡಿದ ಕೈಯ ಸದ್ದಾಗಿತ್ತು. ನೀನು ಸರಿಯಾಗಿ ಕಲಿತಿದ್ದಕ್ಕೆ ಬಂದ ಸದ್ದು ಕೇಳಿ ನಾನು ನಿನ್ನನ್ನು ಬಿಡಿಸಿದೆ. ಮ್ಯಾಟಿನ ಮೇಲೆ ಹಾಗೇ ಸ್ವಲ್ಪ ಹೊತ್ತು ಮಲಗಿಬಿಟ್ಟೆ. ಪೆಟ್ಟಾಯಿತೇನೋ ಎಂದು ಸರ್ ಗಾಬರಿಯಾಗಿ ಬಂದರು.

ರಾತ್ರಿ ನಿದ್ದೆ ಬರದೆ ಓದುತ್ತ ಕೂತೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಜೂಡೋ ಶುರು ಮಾಡಿದಾಗ, ಜುಜುತ್ಸು ಎಂಬ ಹಳೆಯ ಜಪಾನಿ ಕಾದಾಟದ ಕಲೆಯಲ್ಲಿದ್ದ ಅಪಾಯದ ಪಟ್ಟುಗಳನ್ನು, ಇಬ್ಬರು ಮನಸಾರೆ ಸೆಣಸುವ ಅಭ್ಯಾಸದಿಂದ ಹೊರಗಿಟ್ಟರಂತೆ, ಪೂರ್ತಿ ಬಲ ಹಾಕಿ ಕಲಿತರೂ ಜೊತೆಯವರಿಗೆ ನೋವಾಗಬಾರದೆಂದು. ಅವರ ಶಿಷ್ಯೆ ಕೇಕೊ ಫುಕುಡಾ ಎತ್ತರದಲ್ಲಿ ಐದಡಿಯೂ ಇರಲಿಲ್ಲ. ತಾಯಿಯ ಜೊತೆ ಹೋಗಿ ಅಭ್ಯಾಸ ನೋಡಿ ಬಂದು, 1935ರಲ್ಲಿ ಸೇರಿದವರು. ಕಪ್ಪು ಬೆಲ್ಟಿನವರ ದರ್ಜೆಗೆ ಡಾನ್ ಅನ್ನುತ್ತಾರೆ, ಆಗ ಹೆಂಗಸರಿಗೆ ಐದನೆಯ ಡಾನ್‌ಗಿಂತ ಮೇಲೆ ಕೊಡುವ ಪದ್ಧತಿಯೇ ಇರಲಿಲ್ಲ. ಅವರಿಗೆ ಆರನೆಯದು ಸಿಕ್ಕಿದ್ದು 1972ರಲ್ಲಿ, ಅಮೆರಿಕದ ಜೂಡೋ ಸಂಸ್ಥೆ ಹತ್ತನೆಯದು ಕೊಟ್ಟಿದ್ದು 2011ರಲ್ಲಿ, ಅವರ 98ನೆಯ ವಯಸ್ಸಿನಲ್ಲಿ. ಆ ತಾಯಿಯೂ ಮಗಳ ಜೊತೆ ಕೂತು ಇದೇ ಸದ್ದು ಕೇಳಿರಬೇಕು. ಆಕೆ ಮಗಳನ್ನು ತಡೆಯಲಿಲ್ಲ. ದೂರ ಯಾಕೆ, ನಮ್ಮ ಬೆಳಗಾವಿ ಕಡೆಯ ಮಲಪ್ರಭಾ ಜಾಧವ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಜೂಡೋವನ್ನೇ ಹೋಲುವ ಕುರಾಶ್‌ನಲ್ಲಿ ಕಂಚು ತಂದಾಗ ನಾವೆಲ್ಲ ಟಿವಿ ಮುಂದೆ ಚಪ್ಪಾಳೆ ತಟ್ಟಿದೆವು. ನೀನು ಎದ್ದು ಒಳಗೆ ಹೋಗಿದ್ದೆ. ಯಾಕೆಂದು ಆಗ ನಾನು ಕೇಳಲಿಲ್ಲ. ತಪ್ಪಾಯಿತು, ಮಗಳೇ.

ಒಂದು ಮಾತು ಕೇಳಬೇಕು. ಕ್ಲಾಸಿನ ಕೊನೆಗೆ ಸರ್ ಒಬ್ಬ ಹುಡುಗಿಯನ್ನು ಎತ್ತಿ ಹಾಕಿ ತೋರಿಸಿದರು. ಅವಳು ನೆಲ ಮುಟ್ಟುವವರೆಗೂ ಅವಳ ತೋಳಿನ ಬಟ್ಟೆ ಬಿಡಲಿಲ್ಲ, ಕೊನೆ ಗಳಿಗೆಯಲ್ಲಿ ಮೇಲಕ್ಕೆ ಜಗ್ಗಿ ಹಿಡಿದರು. ಎತ್ತಿ ಹಾಕಿದವರದೇ ಆ ಜವಾಬ್ದಾರಿಯಂತೆ. ಅವತ್ತು ಆ ಹುಡುಗನೂ ನಿನ್ನ ತೋಳು ಹಿಡಿದಿದ್ದನೇ? ಎಷ್ಟು ನೆನಪಿಸಿಕೊಂಡರೂ ನನಗೆ ಕಾಣುತ್ತಿಲ್ಲ.

ಬುಧವಾರ ಮತ್ತೆ ಕ್ಲಾಸಿದೆ. ನಿನ್ನ ಆ ಬಿಳಿ ಅಂಗಿ ಟ್ರಂಕಿನ ತಳದಲ್ಲಿ ಹಾಗೇ ಇದೆ. ಇವತ್ತು ತೆಗೆದು ಒಗೆದು ಹಾಕಿದ್ದೇನೆ.

ನಿನ್ನ
ಅವ್ವ