ಕೆಳರೆಪ್ಪೆಯ ಶಸ್ತ್ರಚಿಕಿತ್ಸೆ: ಮೊದಲೇ ತಿಳಿಸಬೇಕಾದ ಮಾತು

ಮಾನ್ಯ ಸಂಪಾದಕರೇ,

ಕಣ್ಣಿನ ಕೆಳಗಿನ ಚೀಲಗಳನ್ನು ಅರ್ಧ ಗಂಟೆಯಲ್ಲಿ ಇಲ್ಲವಾಗಿಸುತ್ತೇವೆ ಎಂಬ ಜಾಹೀರಾತುಗಳು ಈಚೆಗೆ ಮೊಬೈಲಿನಲ್ಲಿ ಮೇಲಿಂದ ಮೇಲೆ ಕಾಣಿಸುತ್ತಿವೆ. ಕಣ್ಣಿನ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನನಗೆ, ಇವನ್ನು ನಂಬಿ ಮನೆಯ ಮದುವೆಗೆ ವಾರವಿರುವಾಗ ಚಿಕಿತ್ಸೆಗೆ ಹೊರಡುವವರನ್ನು ಕಂಡರೆ ಕಳವಳವಾಗುತ್ತದೆ. ಈ ಚಿಕಿತ್ಸೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನುರಿತವರ ಕೈಯಲ್ಲಿ ಅದು ಒಳ್ಳೆಯ ಫಲವನ್ನೇ ಕೊಡುತ್ತದೆ.

ವಯಸ್ಸಾದಂತೆ ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬನ್ನು ತಡೆದಿರುವ ತೆಳುಪೊರೆ ಸಡಿಲಗೊಂಡು ಕೊಬ್ಬು ಮುಂದಕ್ಕೆ ಉಬ್ಬುತ್ತದೆ. ವೈದ್ಯರು ರೆಪ್ಪೆಯ ಒಳಮೈಯಿಂದಲೋ, ರೆಪ್ಪೆಗೂದಲಿನ ಕೆಳಗೆ ಸಣ್ಣ ಗಾಯ ಮಾಡಿಯೋ ಅದನ್ನು ತುಸು ತೆಗೆಯುತ್ತಾರೆ ಅಥವಾ ಕೆಳಗಿನ ಕುಳಿಗೆ ಸರಿಸಿ ಕೂರಿಸುತ್ತಾರೆ. ಅತಿಯಾಗಿ ತೆಗೆದರೆ ಕಣ್ಣು ಗುಳಿಬಿದ್ದು ಮುಖ ಇನ್ನಷ್ಟು ಬಳಲಿದಂತೆ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನವರ ದೂರು ಕಣ್ಣಿನ ಕೆಳಗಿನ ಕಪ್ಪಿನದು. ಆ ಕಪ್ಪು ಚೀಲದ ನೆರಳಾಗಿದ್ದರೆ ಕಡಿಮೆಯಾದೀತು, ಚರ್ಮದ ಬಣ್ಣವೇ ಆಗಿದ್ದರೆ ಈ ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲ. ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಗೆರೆಗಳೂ ಹೋಗುವುದಿಲ್ಲ.

ಮೊದಲ ಎರಡು ಮೂರು ದಿನ ಊತ ಹೆಚ್ಚುತ್ತದೆ. ನೀಲಿಗಟ್ಟಿದ ಚರ್ಮ ತಿಳಿಯಾಗಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್, ಭಾರ ಎತ್ತುವುದು, ಬಗ್ಗಿ ಮಾಡುವ ಕೆಲಸ ಯಾವುದೂ ಸಲ್ಲದು. ಅಂತಿಮ ರೂಪ ಕಾಣಲು ತಿಂಗಳುಗಳೇ ಹಿಡಿಯುತ್ತವೆ.

ಕಣ್ಣು ಒಣಗುವುದು, ರೆಪ್ಪೆ ಕೆಳಕ್ಕೆ ಜಗ್ಗಿ ಬಿಳಿಭಾಗ ಹೆಚ್ಚು ಕಾಣುವುದು, ರೆಪ್ಪೆಯ ಅಂಚು ಹೊರಕ್ಕೆ ಮಗುಚುವುದು ಇದರ ತೊಡಕುಗಳು. ಎಲ್ಲಕ್ಕಿಂತ ಗಂಭೀರವಾದುದು ಕಣ್ಣಿನ ಹಿಂದೆ ಆಗುವ ರಕ್ತಸ್ರಾವ. ರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆಯ ಕುರಿತು 2004ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಸಮೀಕ್ಷೆಯೊಂದು ಇದು ಸುಮಾರು 2,000ಕ್ಕೆ ಒಬ್ಬರಲ್ಲಿ, ಶಾಶ್ವತ ದೃಷ್ಟಿನಷ್ಟ ಸುಮಾರು 22,000ಕ್ಕೆ ಒಬ್ಬರಲ್ಲಿ ಆಗುತ್ತದೆಂದು ಅಂದಾಜಿಸಿತ್ತು. ಅಪರೂಪವೇ ನಿಜ, ಆದರೆ ಮನೆಗೆ ಮರಳಿದ ಮೇಲೆ ತೀವ್ರ ನೋವು ಬಂದರೆ, ಕಣ್ಣು ಮುಂದಕ್ಕೆ ಉಬ್ಬಿದರೆ, ನೋಟ ಮಸುಕಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕೆಂದು ಮನೆಯವರಿಗೆ ಯಾರಾದರೂ ಹೇಳಿರಬೇಕಲ್ಲವೇ?

ಆದ್ದರಿಂದ ರಕ್ತದೊತ್ತಡ, ಮಧುಮೇಹ, ಥೈರಾಯ್ಡ್ ತೊಂದರೆ, ಕಣ್ಣು ಒಣಗುವಿಕೆ ಇದ್ದವರು ಅದನ್ನು ಮುಚ್ಚಿಡಬಾರದು. ಆಸ್ಪಿರಿನ್ ಮೊದಲಾದ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ಆರೋಗ್ಯ ವಿಮೆಯ ಹಣ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ, ಕತ್ತರಿ ಹಿಡಿಯುವವರು ನೇತ್ರ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದವರೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ: ಇಂಥ ಚಿಕಿತ್ಸೆಯ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮತ್ತು ಅದನ್ನು ಶಸ್ತ್ರಚಿಕಿತ್ಸೆಯ ದಿನ ಸಹಿಗೆ ಮುಂದೊಡ್ಡುವ ಬದಲು, ಮನೆಗೆ ಒಯ್ದು ಓದಿ ವಿಚಾರಿಸುವಷ್ಟು ಮುಂಚಿತವಾಗಿ ಕೈಗೆ ಕೊಡುವುದು ಕಡ್ಡಾಯವಾಗಲಿ.

— ನಿವೃತ್ತ ಶುಶ್ರೂಷಕಿ, ಮೈಸೂರು