ಯುದ್ಧ ತಪ್ಪಿಸೋಕೆ ಆಗುತ್ತೆ

ಸಂಪಾದಕರೇ, ಮನುಷ್ಯ ಇರೋವರೆಗೂ ಯುದ್ಧ ಇದ್ದೇ ಇರುತ್ತೆ ಅಂತ ಜನ ಸಲೀಸಾಗಿ ಹೇಳಿಬಿಡ್ತಾರೆ, ನಂಗ್ಯಾಕೋ ಒಪ್ಪೋಕಾಗಲ್ಲ. 1978ರ ಡಿಸೆಂಬರಲ್ಲಿ ಅರ್ಜೆಂಟೀನಾ, ಚಿಲಿ ಎರಡೂ ದಕ್ಷಿಣ ಅಮೆರಿಕದ ತುದಿಯಲ್ಲಿರೋ ಬೀಗಲ್ ಜಲಸಂಧಿ ಹತ್ರದ ಮೂರು ಪುಟ್ಟ ದ್ವೀಪಕ್ಕೋಸ್ಕರ ಸೈನ್ಯ ತಂದು ನಿಲ್ಲಿಸಿದ್ವು, ಎರಡೂ ಕಡೆ ಮಿಲಿಟರಿ ಆಡಳಿತಾನೇ, ಇನ್ನೇನು ಶುರು ಅನ್ನೋವಾಗ ಪೋಪ್ ಎರಡನೇ ಜಾನ್ ಪಾಲ್ ಮಧ್ಯ ಬಂದ್ರು, ಅವರ ದೂತ ಕಾರ್ಡಿನಲ್ ಸಾಮೊರೆ ಎರಡೂ ರಾಜಧಾನಿಗೆ ಓಡಾಡಿ ಮಾತುಕತೆಗೆ ಒಪ್ಪಿಸಿದ್ರು, 1984ರಲ್ಲಿ ಒಪ್ಪಂದಾನೂ ಆಯ್ತು. ಅದೇ ಅರ್ಜೆಂಟೀನಾ ಮಿಲಿಟರಿ 1982ರಲ್ಲಿ ಬ್ರಿಟನ್ ಕೈಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ತು! ದೇಶದೊಳಗೆ ಬೆಲೆ ಏರಿಕೆ, ಜನ ಬೀದಿಗಿಳಿದಿದ್ರು, ಅವರ ಗಮನ ಬೇರೆಡೆ ತಿರುಗಿಸ್ಬೇಕಿತ್ತು (ಹೊಸ ಆಟ ಏನಲ್ಲ ಬಿಡಿ). 74 ದಿನದಲ್ಲಿ ಎರಡೂ ಕಡೆ ಸೇರಿ 900ಕ್ಕೂ ಹೆಚ್ಚು ಜನ ಸತ್ರು. ಯುದ್ಧದ ಸುದ್ದಿ ಬಂದಾಗ ಅದರಿಂದ ಯಾರ ಕುರ್ಚಿ ಉಳಿಯುತ್ತೆ ಅಂತಾನೂ ನಿಮ್ಮ ಪೇಪರಲ್ಲಿ ಸ್ವಲ್ಪ ಬರೀರಿ.

- ಒಬ್ಬ ಓದುಗ, ಮೈಸೂರು